ಗೇಮಿನಲ್ಲಿ ಶಿವ ಹಿಮದ ಹೆಣ್ಣಾದದ್ದು ಹೇಗೆ?

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿಯಲ್ಲಿದ್ದಾನೆ. ಶಾಲೆಯಿಂದ ಬಂದ ಮೇಲೆ ದಿನಕ್ಕೆ ಒಂದೂವರೆ ಗಂಟೆ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತಾನೆ. ಅದಕ್ಕೆ ನಾವೇ ಒಪ್ಪಿಗೆ ಕೊಟ್ಟಿದ್ದೇವೆ. ಕಳೆದ ಶಿವರಾತ್ರಿಯ ದಿನ ನನ್ನ ಅತ್ತೆಯವರು ಬಿಲ್ವಪತ್ರೆ ಆರಿಸುತ್ತ ಕುಳಿತಿದ್ದಾಗ ಇವನು ಪಕ್ಕದಲ್ಲಿ ಬಂದು ಕುಳಿತು, ‘ಅಜ್ಜಿ, ನನ್ನ ಗೇಮಿನಲ್ಲಿ ಶಿವ ಹೆಂಗಸು, ಮೈಯೆಲ್ಲ ಹಿಮ, ಕರೆದರೆ ಬಂದು ಶತ್ರುಗಳನ್ನು ಹೆಪ್ಪುಗಟ್ಟಿಸಿ ಹೋಗುತ್ತಾಳೆ’ ಎಂದ. ಅತ್ತೆ ಏನೂ ಹೇಳಲಿಲ್ಲ. ಆದರೆ ಅಂದಿನಿಂದ ಅವನ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಆಮೇಲೊಂದು ದಿನ ಇನ್ನೊಂದು ಆಟದ ವಿಡಿಯೋ ನೋಡಿ, ವಿಷ್ಣುವಿಗಿಂತ ಶಿವನ ಲೆವೆಲ್ ಜಾಸ್ತಿ, ಇಬ್ಬರನ್ನೂ ಸೋಲಿಸಬಹುದು ಎಂದು ತಂಗಿಗೆ ವಿವರಿಸುತ್ತಿದ್ದ. ನನ್ನ ಗಂಡ ‘ಅದು ಬರೀ ಕಥೆ, ಬಿಡು’ ಎನ್ನುತ್ತಾರೆ. ನನಗೆ ಬಿಡಲು ಆಗುತ್ತಿಲ್ಲ. ಬೇರೆ ದೇಶದವರು ನಮ್ಮ ದೇವರನ್ನು ಹೀಗೆ ಬೇಕಾದಂತೆ ಬದಲಿಸುವುದು ಅವಮಾನವಲ್ಲವೇ? ಮಗನ ತಲೆಯಲ್ಲಿ ಇದೇ ನಿಜವಾಗಿ ಉಳಿದುಬಿಟ್ಟರೆ? ಆಟವನ್ನು ನಿಲ್ಲಿಸಬೇಕೇ?
(ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಹೆಣೆದುಕೊಂಡಿವೆ. ಮನೆಯಲ್ಲಿ ಪೂಜಿಸುವ ದೇವರನ್ನು ಯಾರೋ ಎಲ್ಲಿಯೋ ಕುಳಿತು ತಮಗೆ ಬೇಕಾದಂತೆ ತಿದ್ದಿದ್ದಾರೆ ಎಂಬ ನೋವು ಒಂದು. ಆ ತಿದ್ದಿದ ರೂಪವೇ ಮಗನ ಮನಸ್ಸಿನಲ್ಲಿ ಬೇರೂರಿ, ಅಜ್ಜಿ ಹೇಳುವ ಕಥೆಗೆ ಅಲ್ಲಿ ಜಾಗವೇ ಇಲ್ಲದಂತಾದೀತು ಎಂಬ ಭಯ ಇನ್ನೊಂದು. ಮೊದಲನೆಯದು ಗೌರವದ ಪ್ರಶ್ನೆ, ಎರಡನೆಯದು ಕಲಿಕೆಯ ಪ್ರಶ್ನೆ. ಎರಡಕ್ಕೂ ಒಂದೇ ಉತ್ತರ ಕೊಡಲು ಹೋದರೆ ‘ನಿಲ್ಲಿಸು’ ಅಥವಾ ‘ಬಿಡು’ ಎಂಬ ಎರಡೇ ದಾರಿಗಳು ಕಾಣುತ್ತವೆ, ಮತ್ತು ಆ ಎರಡೂ ನಿಮಗೆ ಸಮಾಧಾನ ಕೊಡುವುದಿಲ್ಲ. ನಾನು ಎರಡು ದಶಕ ಕಾಲೇಜಿನಲ್ಲಿ ಪುರಾಣ ಮತ್ತು ಜಾನಪದದ ಪಾಠ ಹೇಳಿದ್ದೇನೆ. ಈಚಿನ ವರ್ಷಗಳಲ್ಲಿ ಗೇಮ್ ತಯಾರಿಸುವ ತಂಡಗಳಿಗೆ ಕಥೆಯ ವಿಷಯದಲ್ಲಿ ಸಲಹೆ ಕೊಡುತ್ತಿದ್ದೇನೆ. ಹಾಗಾಗಿ ದೇವರ ಕೋಣೆಯನ್ನೂ ಗೇಮ್ ತಯಾರಾಗುವ ಮೇಜನ್ನೂ ಹತ್ತಿರದಿಂದ ಕಂಡವನಾಗಿ ಹೇಳುತ್ತೇನೆ: ನಿಮ್ಮ ಅತ್ತೆಯವರ ನೋವು ತಪ್ಪು ತಿಳಿವಳಿಕೆಯಿಂದ ಹುಟ್ಟಿದ್ದಲ್ಲ. ಆದರೆ ಆ ನೋವಿಗೆ ಕಾರಣವಾದದ್ದು ನೀವು ಊಹಿಸಿರುವುದಕ್ಕಿಂತ ಬೇರೆ.

ಆಟದ ಹೆಸರನ್ನು ನೀವು ಬರೆದಿಲ್ಲ. ಆದರೆ ಕರೆದಾಗ ಬಂದು ಹಿಮದಿಂದ ಶತ್ರುಗಳನ್ನು ಹೆಪ್ಪುಗಟ್ಟಿಸುವ ಹೆಣ್ಣು ಶಿವ ಎಂದರೆ ಅದು ಜಪಾನಿನ ‘ಫೈನಲ್ ಫ್ಯಾಂಟಸಿ’ ಸರಣಿಯೇ ಇರಬೇಕು. 1987ರಲ್ಲಿ ಆರಂಭವಾದ ಈ ಸರಣಿಯ ಮೂರನೇ ಆಟದಲ್ಲಿ, ಅಂದರೆ 1990ರಲ್ಲಿ, ಆಟಗಾರ ಕರೆದಾಗ ಬಂದು ಹೋರಾಡುವ ಅಲೌಕಿಕ ಶಕ್ತಿಗಳ ಪಡೆಯೊಂದು ಮೊದಲ ಬಾರಿಗೆ ಕಾಣಿಸಿಕೊಂಡಿತು. ಬೆಂಕಿಗೆ ಇಫ್ರಿತ್, ಸಿಡಿಲಿಗೆ ಒಬ್ಬ ಗಡ್ಡದ ಮುದುಕ, ನೀರಿಗೆ ಲೆವಯಥನ್, ಹಿಮಕ್ಕೆ ಶಿವ. ಜೊತೆಗೆ ಉತ್ತರ ಯುರೋಪಿನ ದೇವರಾಜ ಓಡಿನ್, ಇವರೆಲ್ಲರಿಗಿಂತ ಮೇಲೆ ಬಹಾಮುತ್ ಎಂಬ ಮಹಾ ಡ್ರಾಗನ್. ಇಫ್ರಿತ್ ಅರಬ್ಬರ ಕಥೆಗಳ ಉಗ್ರ ಜಿನ್, ಲೆವಯಥನ್ ಯಹೂದಿ ಧರ್ಮಗ್ರಂಥದ ಸಮುದ್ರಸರ್ಪ. ಬೇರೆ ಬೇರೆ ಧರ್ಮಗಳ, ಬೇರೆ ಬೇರೆ ಕಾಲಗಳ ಹೆಸರುಗಳು ಹೀಗೆ ಒಂದೇ ಸಾಲಿನಲ್ಲಿ ನಿಂತವು. ಶಿವ ಎಂಬ ಈ ಪಾತ್ರ ಮುಂದಿನ ಆಟಗಳಲ್ಲಿ ಮತ್ತೆ ಮತ್ತೆ ಬಂದಿದೆ. 2001ರ ಹತ್ತನೇ ಆಟದಲ್ಲಿ ಆಕೆ ಶತ್ರುಗಳನ್ನು ಮಂಜುಗಡ್ಡೆಯಲ್ಲಿ ಹುದುಗಿಸಿ, ಚಿಟಿಕೆ ಹೊಡೆದು ಅದನ್ನು ಪುಡಿಮಾಡುತ್ತಾಳೆ. ಅವಳಿಗೆ ಗಂಗೆಯಿಲ್ಲ, ಡಮರುಗವಿಲ್ಲ, ಸ್ಮಶಾನವಿಲ್ಲ. ಹಾಲಾಹಲ ಕುಡಿದದ್ದು, ಕಾಮನನ್ನು ಸುಟ್ಟದ್ದು, ಗಿರಿಜೆಯ ತಪಸ್ಸಿಗೆ ಮಣಿದದ್ದು ಯಾವುದೂ ಅವಳ ಕಥೆಯಲ್ಲಿ ಇಲ್ಲ.

ಕೆಲವು ಅಭಿಮಾನಿಗಳು ಅರ್ಧನಾರೀಶ್ವರನನ್ನು ಮುಂದೆ ಮಾಡಿ, ಶಿವನಲ್ಲಿ ಸ್ತ್ರೀಯೂ ಇರುವುದರಿಂದ ಇದು ತಪ್ಪೇನಲ್ಲ ಎಂದು ವಾದಿಸುತ್ತಾರೆ. ಈ ವಾದವನ್ನು ನಾನು ಒಪ್ಪುವುದಿಲ್ಲ. ಅರ್ಧನಾರೀಶ್ವರ ಎಂಬುದು ಎರಡನ್ನೂ ಒಂದೇ ದೇಹದಲ್ಲಿ ಹಿಡಿದ ಒಂದು ದರ್ಶನ. ಆಟದಲ್ಲಿರುವುದು ಹಿಮದ ಶಕ್ತಿಯಿರುವ ಹೆಣ್ಣಿಗೆ ಅಂಟಿಸಿದ ಒಂದು ಹೆಸರು. ಅಲ್ಲಿ ನಡೆದಿರುವುದು ಶಿವನ ಮರುವ್ಯಾಖ್ಯಾನವಲ್ಲ, ಹೆಸರಿನ ಎರವಲು. ಕಥೆಯನ್ನು ತಿರುಗಿಸಿ ಹೇಳುವುದು ಬೇರೆ, ಕಥೆಯನ್ನೇ ಕೈಬಿಟ್ಟು ಹೆಸರನ್ನು ಮಾತ್ರ ತೆಗೆದುಕೊಂಡು ಹೋಗುವುದು ಬೇರೆ. ನಾನು ಮುಂದೆ ಹೇಳುವುದೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಈ ಎರವಲಿಗೆ ನಮ್ಮ ದೇವರೊಬ್ಬನೇ ಸಿಕ್ಕಿದ್ದಾನೆ ಎಂದು ಭಾವಿಸಬೇಡಿ. ಬಹಾಮುತ್ ಎಂದರೆ ಅರಬ್ಬರ ಹಳೆಯ ವಿಶ್ವವರ್ಣನೆಯಲ್ಲಿ ಭೂಮಿಯ ಭಾರವನ್ನೆಲ್ಲ ಕೆಳಗಿನಿಂದ ಹೊತ್ತ ಮಹಾಮೀನು. ಆದಿಕೂರ್ಮನ ಕಥೆ ಕೇಳಿ ಬೆಳೆದವರಿಗೆ ಅದು ಅಪರಿಚಿತವೆನಿಸುವುದಿಲ್ಲ. 1970ರ ದಶಕದಲ್ಲಿ ಅಮೆರಿಕದಲ್ಲಿ ಹುಟ್ಟಿದ, ಕಾಗದ ಮತ್ತು ದಾಳ ಹಿಡಿದು ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ ಅವನನ್ನು ಡ್ರಾಗನ್‌ಗಳ ದೊರೆಯಾಗಿಸಿತು. ಜಪಾನಿನ ಗೇಮುಗಳು ಆ ಡ್ರಾಗನ್ ದೊರೆಯನ್ನೇ ತಮ್ಮದಾಗಿಸಿಕೊಂಡವು. ಇಂದು ಲಕ್ಷಾಂತರ ಮಕ್ಕಳಿಗೆ ಬಹಾಮುತ್ ಗೊತ್ತು, ಮೀನು ಗೊತ್ತಿಲ್ಲ.

‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ 1977ರ ಪುಸ್ತಕವೊಂದರಲ್ಲಿ ರಾಕ್ಷಸನೂ ಇದ್ದಾನೆ. ಅಲ್ಲಿ ಅವನಿಗೆ ಹುಲಿಯ ತಲೆ. ಯಕ್ಷಗಾನದ ಬಣ್ಣದ ವೇಷವನ್ನು ನೋಡಿದ ಯಾರೂ ಆ ಚಿತ್ರವನ್ನು ರಾಕ್ಷಸನೆಂದು ಗುರುತಿಸಲಾರರು. ಆದರೆ ಒಂದು ಗುಣ ಮಾತ್ರ ಉಳಿದುಕೊಂಡಿದೆ: ಎದುರಿಗಿರುವವರು ನಂಬುವಂಥ ರೂಪದಲ್ಲಿ ಕಾಣಿಸಿಕೊಂಡು ಮೋಸ ಮಾಡುವುದು. ಮಾರೀಚ ಹೊನ್ನಿನ ಜಿಂಕೆಯಾದದ್ದು, ರಾವಣ ಸನ್ಯಾಸಿಯಾಗಿ ಬಾಗಿಲಲ್ಲಿ ನಿಂತದ್ದು ನೆನಪಾದರೆ, ಕಾಮರೂಪಿ ಎಂಬ ಆ ಒಂದೇ ಎಳೆ ಅಷ್ಟು ದೂರ ಹೋದದ್ದು ಅಚ್ಚರಿಯೆನಿಸುತ್ತದೆ. ಹೋಗದೆ ಉಳಿದದ್ದು ಇನ್ನುಳಿದದ್ದೆಲ್ಲ. ವೇದ ಓದಿದ ರಾವಣ, ಧರ್ಮ ಬಿಡದ ವಿಭೀಷಣ, ಅಣ್ಣನಿಗೆ ಬುದ್ಧಿ ಹೇಳಿಯೂ ಅಣ್ಣನಿಗಾಗಿಯೇ ಸತ್ತ ಕುಂಭಕರ್ಣ, ಇವರಿಗೆ ಆ ಪುಸ್ತಕದಲ್ಲಿ ಎಡೆಯಿರಲಿಲ್ಲ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ನನ್ನ ಕೆಲಸದಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ. ಒಮ್ಮೆ ಒಂದು ತಂಡದವರು ನನಗೆ ಎಕ್ಸೆಲ್ ಹಾಳೆಯೊಂದನ್ನು ಕಳಿಸಿದರು. ಮೊದಲ ಕಾಲಮಿನಲ್ಲಿ ಬೆಂಕಿ, ನೀರು, ಗಾಳಿ, ಮಣ್ಣು, ವಿಷ ಎಂದು ಬರೆದಿತ್ತು. ಪಕ್ಕದಲ್ಲಿ ದೇವಿಯ ಹೆಸರು, ಆಯುಧ, ಬಣ್ಣ, ಶಕ್ತಿಯ ಅಂಕಿ ಎಂದು ಖಾಲಿ ಜಾಗಗಳು. ಶುಕ್ರವಾರದೊಳಗೆ ತುಂಬಿ ಕೊಡಬೇಕಿತ್ತು. ಅವರಲ್ಲಿ ಯಾರಿಗೂ ದೇವಿಯ ಬಗ್ಗೆ ಅಗೌರವವಿರಲಿಲ್ಲ. ಕೆಲವರು ನವರಾತ್ರಿಯಲ್ಲಿ ಒಪ್ಪೊತ್ತು ಇರುವವರು. ವಿಷದ ಸಾಲಿಗೆ ಮಾರಮ್ಮನನ್ನು ಹಾಕಬಹುದೇ ಎಂದು ಅವರು ಕೇಳಿದಾಗ, ಆಕೆ ಬೇನೆ ತರುವವಳೂ ಹೌದು, ಬೇನೆಯಿಂದ ಕಾಯುವವಳೂ ಹೌದು, ಅದಕ್ಕೇ ಊರಿನವರು ಬೇವಿನ ಸೊಪ್ಪು ಕಟ್ಟಿ, ಮೊಸರನ್ನ ಎಡೆಯಿಟ್ಟು ಅವಳನ್ನು ತಂಪು ಮಾಡುತ್ತಾರೆ ಎಂದು ಅರ್ಧ ಗಂಟೆ ವಿವರಿಸಿದೆ. ಎಲ್ಲವನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡ ಹುಡುಗಿಯೊಬ್ಬಳು ಕೊನೆಗೆ, ‘ಹಾಗಾದರೆ ವಿಷವೋ ಔಷಧವೋ, ಒಂದನ್ನು ಹೇಳಿ ಸರ್’ ಎಂದಳು. ಅವಳ ತಪ್ಪಲ್ಲ. ಆ ಕೋಷ್ಟಕದಲ್ಲಿ ಒಂದು ಚೌಕಕ್ಕೆ ಒಂದೇ ಪದ ಹಿಡಿಯುತ್ತಿತ್ತು.

ಗೇಮಿನವರು ಲೋರ್ ಎಂದು ಕರೆಯುವ ಹಿನ್ನೆಲೆ ಕಥೆ ಬಹಳ ಸಲ ಹೀಗೆ ಆಟದ ಯಂತ್ರಕ್ಕೆ ತಕ್ಕಂತೆ ಕತ್ತರಿಸಿಕೊಂಡು ಬರುತ್ತದೆ. ಆಟಕ್ಕೆ ಶತ್ರು ಬೇಕು, ಶತ್ರುವಿಗೆ ಪ್ರಾಣದ ಪಟ್ಟಿ ಬೇಕು, ಗೆಲ್ಲಲು ಒಂದು ಕ್ರಮ ಬೇಕು, ಕ್ರಮಕ್ಕೆ ಅಂಕಿ ಬೇಕು. ನಿಮ್ಮ ಮಗ ತಂಗಿಗೆ ಹೇಳಿದ ‘ಶಿವನ ಲೆವೆಲ್ ಜಾಸ್ತಿ’ ಎಂಬ ಮಾತು ಬಂದದ್ದು ಅಲ್ಲಿಂದ. ಶಿವ ದೊಡ್ಡವನೋ ವಿಷ್ಣು ದೊಡ್ಡವನೋ ಎಂಬ ಜಗಳ ನಮ್ಮಲ್ಲಿಯೂ ಬೇಕಾದಷ್ಟು ನಡೆದಿದೆ; ಆದರೆ ಆ ಜಗಳಕ್ಕೆ ನಮ್ಮ ನಾಡಿನಲ್ಲೇ ಕಲ್ಲಿನಲ್ಲಿ ಕಡೆದ ಉತ್ತರವೂ ಇದೆ. ನಿಮ್ಮ ಊರಿನಿಂದ ಹೆಚ್ಚು ದೂರವಿಲ್ಲದ ಹರಿಹರದಲ್ಲಿ, ತುಂಗಭದ್ರೆಯ ದಡದ ಹೊಯ್ಸಳರ ಕಾಲದ ದೇವಾಲಯದಲ್ಲಿ, ಒಂದೇ ಮೂರ್ತಿಯ ಅರ್ಧ ಹರ, ಅರ್ಧ ಹರಿ. ಆ ಮೂರ್ತಿಗೆ ಯಾವ ಲೆವೆಲ್ ಬರೆಯಬೇಕು ಎಂದು ಕೇಳಿದರೆ ಪ್ರಶ್ನೆಯೇ ತಪ್ಪೆಂದು ಹದಿನಾಲ್ಕರ ಹುಡುಗನಿಗೂ ಹೊಳೆಯುತ್ತದೆ.

ಅಸ್ತ್ರಗಳ ವಿಷಯದಲ್ಲಿ ನಷ್ಟ ಇನ್ನೂ ದೊಡ್ಡದು ಎಂಬುದು ನನ್ನ ಅನಿಸಿಕೆ. ಗೇಮಿನಲ್ಲಿ ಬ್ರಹ್ಮಾಸ್ತ್ರವೆಂದರೆ ಅತಿ ಹೆಚ್ಚು ಹಾನಿ ಮಾಡುವ ಆಯುಧ. ಮಹಾಭಾರತದ ಕಥೆಯಲ್ಲಿ ಅಸ್ತ್ರದ ಪೂರ್ಣ ವಿದ್ಯೆಯೆಂದರೆ ಬಿಡುವುದಷ್ಟೇ ಅಲ್ಲ, ಹಿಂತೆಗೆದುಕೊಳ್ಳುವುದು. ಯುದ್ಧದ ಕೊನೆಯಲ್ಲಿ ಅಶ್ವತ್ಥಾಮನೂ ಅರ್ಜುನನೂ ಎದುರುಬದುರು ಅಸ್ತ್ರ ಬಿಟ್ಟಾಗ, ಋಷಿಗಳ ಮಾತಿನಂತೆ ಅರ್ಜುನ ತನ್ನದನ್ನು ಹಿಂದಕ್ಕೆ ಪಡೆದ. ಅಶ್ವತ್ಥಾಮನಿಗೆ ಅದು ಸಾಧ್ಯವಾಗಲಿಲ್ಲ, ಅವನು ಅದನ್ನು ಪಾಂಡವರ ವಂಶದ ಗರ್ಭದ ಮೇಲೆ ತಿರುಗಿಸಿದ. ಇಡೀ ಕಥೆಯ ಭಾರ ಆ ಒಂದು ಅಸಮರ್ಥತೆಯ ಮೇಲೆ ನಿಂತಿದೆ. ಹಾನಿಯ ಅಂಕಿಯನ್ನು ಇಟ್ಟುಕೊಂಡು ಹಿಂತೆಗೆಯುವ ವಿದ್ಯೆಯನ್ನು ಬಿಟ್ಟರೆ ಉಳಿಯುವುದು ಬಾಂಬು. ವಿಚಿತ್ರವೆಂದರೆ, ಬಿಟ್ಟ ಅಸ್ತ್ರವನ್ನು ಹಿಂತೆಗೆಯಲು ಆಟಗಾರ ಸಂಯಮದಿಂದ ಶಕ್ತಿ ಗಳಿಸಬೇಕು ಎಂಬ ನಿಯಮವಿದ್ದರೆ ಅದು ತುಂಬ ಒಳ್ಳೆಯ ಆಟವೂ ಆದೀತು. ಇದನ್ನು ನಾನು ಪ್ರತಿ ತಂಡಕ್ಕೂ ಹೇಳುತ್ತ ಬಂದಿದ್ದೇನೆ.

ಈಗ ‘ಬೇರೆ ದೇಶದವರು’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಜಪಾನಿನ ವಿಷಯದಲ್ಲಿ ಅದು ಅರ್ಧ ಮಾತ್ರ ಸರಿ. ನಮ್ಮ ದೇವತೆಗಳು ಬೌದ್ಧ ಧರ್ಮದ ಜೊತೆ ಚೀನಾ ದಾಟಿ ಜಪಾನಿಗೆ ಹೋಗಿ ಸಾವಿರಕ್ಕೂ ಹೆಚ್ಚು ವರ್ಷಗಳಾದವು. ಸರಸ್ವತಿ ಅಲ್ಲಿ ಬೆಂಜೈತೆನ್, ವೈಶ್ರವಣನಾದ ಕುಬೇರ ಬಿಶಾಮೊಂತೆನ್, ಶಿವನ ಮಹಾಕಾಲ ರೂಪ ದೈಕೊಕುತೆನ್. ಈ ಮೂವರೂ ಅಲ್ಲಿನ ಏಳು ಅದೃಷ್ಟ ದೇವತೆಗಳ ಸಾಲಿನಲ್ಲಿದ್ದಾರೆ. ಉಗ್ರನಾದ ಮಹಾಕಾಲ ಅಲ್ಲಿ ಅಕ್ಕಿಮೂಟೆಗಳ ಮೇಲೆ ನಿಂತ, ನಗುಮುಖದ ಸಮೃದ್ಧಿಯ ದೇವರು. ಇಂದ್ರ, ಬ್ರಹ್ಮ, ಯಮ, ಗಣೇಶ ಎಲ್ಲರಿಗೂ ಅಲ್ಲಿ ಬೇರೆ ಹೆಸರುಗಳಿವೆ, ಪೂಜೆಯೂ ಇದೆ. ನಾರಾ ನಗರದ ಕೊಫುಕುಜಿ ದೇವಾಲಯದಲ್ಲಿ 734ರಲ್ಲಿ ಮಾಡಿದ ಅಸುರನ ಮೂರ್ತಿ ಇದೆ: ಮೂರು ಮುಖ, ಆರು ಕೈ, ಹುಬ್ಬು ಗಂಟಿಕ್ಕಿದ ಎಳೆಯ ಹುಡುಗನ ಮುಖದಲ್ಲಿ ಪಶ್ಚಾತ್ತಾಪದಂತೆ ಕಾಣುವ ದುಃಖ. 2012ರ ‘ಅಸುರಾಸ್ ರಾತ್’ ಎಂಬ ಗೇಮಿನಲ್ಲಿ ಆರು ಕೈಗಳ ಕ್ರುದ್ಧ ಅಸುರ ನಾಯಕನಾಗಿ ಬಂದಾಗ, ಅದು ಭಾರತದಿಂದ ಮೊನ್ನೆ ಕದ್ದು ತಂದದ್ದಲ್ಲ. ಅವರ ದೇವಾಲಯಗಳಲ್ಲಿ ಹನ್ನೆರಡು ಶತಮಾನಗಳಿಗೂ ಹೆಚ್ಚು ಕಾಲ ಇದ್ದ ಮೂರ್ತಿಯ ಇನ್ನೊಂದು ರೂಪ.

ನಿಮ್ಮ ಮಗ ವಿಡಿಯೋದಲ್ಲಿ ನೋಡಿರುವ, ಶಿವ ವಿಷ್ಣು ಇಬ್ಬರಿಗೂ ಲೆವೆಲ್ ಇರುವ ಆಟ ‘ಶಿನ್ ಮೆಗಾಮಿ ತೆನ್ಸೆ’ ಇರಬಹುದು. ಈ ಸರಣಿಯ ಮೂಲ ಆಟ ಬಂದದ್ದು 1987ರಲ್ಲಿ. ಜಗತ್ತಿನ ಎಲ್ಲ ಧರ್ಮಗಳ ದೇವರು, ದೂತರು, ದೈತ್ಯರು, ಭೂತಗಳು ಅಲ್ಲಿ ಒಂದೇ ಜಾತಿಯ ಜೀವಿಗಳು. ಜಪಾನಿ ಭಾಷೆಯಲ್ಲಿ ಅವರೆಲ್ಲರಿಗೂ ‘ಅಕುಮಾ’ ಎಂಬ ಒಂದೇ ಹೆಸರು, ಇಂಗ್ಲಿಷಿನಲ್ಲಿ ಅದು ‘ಡೀಮನ್’ ಆಗಿದೆ. ಆ ಪದವೇ ನಮ್ಮ ಮನಸ್ಸಿಗೆ ಚುಚ್ಚುತ್ತದೆ. ಎರಡು ಜೀವಿಗಳನ್ನು ಬೆಸೆದು ಮೂರನೆಯದನ್ನು ಪಡೆಯುವುದು ಅಲ್ಲಿನ ಮುಖ್ಯ ಕ್ರಮ. ಬಾಲಿ ದ್ವೀಪದ ರಂಗ್ದಾ ಮತ್ತು ಬರೋಂಗ್ ಎಂಬ ಪರಸ್ಪರ ವಿರೋಧಿಗಳನ್ನು ಬೆಸೆದರೆ ಸರಣಿಯ ಹಲವು ಆಟಗಳಲ್ಲಿ ಶಿವ ಸಿಗುತ್ತಾನೆ. ಇದನ್ನು ಮೊದಲು ಕಂಡಾಗ ನನಗೂ ಕಸಿವಿಸಿಯಾಗಿತ್ತು. ಆಮೇಲೆ ಯೋಚಿಸಿದಾಗ, ಲಯಕರ್ತನನ್ನು ಸೌಮ್ಯ ಮತ್ತು ರೌದ್ರಗಳ ಸಂಗಮದಿಂದ ಪಡೆಯಬೇಕೆಂದು ಯೋಚಿಸಿದವರು ಹೆಸರನ್ನಷ್ಟೇ ತೆಗೆದುಕೊಂಡವರಲ್ಲ, ಏನನ್ನೋ ಓದಿಕೊಂಡವರು ಎನಿಸಿತು. ಈ ಸರಣಿ ನಮ್ಮನ್ನು ಮಾತ್ರ ಗುರಿಮಾಡಿದ್ದೂ ಅಲ್ಲ; 1994ರ ಆಟದಲ್ಲಿ ಕೊನೆಯ ಶತ್ರುವಾಗಿ ಬರುವುದು ಯಹೂದಿ ಮತ್ತು ಕ್ರೈಸ್ತರ ಏಕದೇವ. ಆಟದ ಪ್ರಶ್ನೆ ಯಾವ ದೇವರು ಸುಳ್ಳು ಎಂಬುದಲ್ಲ, ಮನುಷ್ಯ ಯಾವುದೇ ಅಧಿಕಾರಕ್ಕೆ ಎಷ್ಟು ತಲೆಬಾಗಬೇಕು ಎಂಬುದು.

ಇನ್ನು ಎರಡು ತಪ್ಪು ನಂಬಿಕೆಗಳನ್ನು ಬಿಡಿಸಬೇಕು. ಒಂದು ನಿಮ್ಮ ಪತ್ರದಲ್ಲಿದೆ, ಇನ್ನೊಂದು ನಿಮ್ಮ ಪತಿಯವರ ಮಾತಿನಲ್ಲಿದೆ.

ಪುರಾಣಕ್ಕೆ ಒಂದೇ ಮೂಲರೂಪವಿತ್ತು, ಗೇಮುಗಳು ಅದನ್ನು ಕೆಡಿಸಿದವು ಎಂಬುದು ಮೊದಲನೆಯದು. ಉತ್ತರ ಯುರೋಪಿನ ದೇವತೆಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಹೆಚ್ಚಿನ ಪಾಲು ಬರುವುದು ಐಸ್‌ಲ್ಯಾಂಡಿನ ಸ್ನೋರಿ ಸ್ಟರ್ಲುಸನ್ ಸುಮಾರು 1220ರಲ್ಲಿ ಬರೆದ ಗ್ರಂಥದಿಂದ. ಆ ವೇಳೆಗೆ ಅವನ ನಾಡು ಕ್ರೈಸ್ತವಾಗಿ ಎರಡು ಶತಮಾನ ಕಳೆದಿತ್ತು, ಅವನೂ ಕ್ರೈಸ್ತನೇ. ‘ಡಯಾಬ್ಲೋ’ ಗೇಮಿನಲ್ಲಿ ನರಕದ ಒಡೆಯನಾಗಿರುವ ಬಾಲ್ ಒಂದು ಕಾಲದಲ್ಲಿ ಸಿರಿಯಾದ ಕರಾವಳಿಯಲ್ಲಿ ಮಳೆ ತರುವ ದೇವರಾಗಿದ್ದ. ಅವನನ್ನು ಕೆಳಗಿಳಿಸಿದ್ದು ಗೇಮಲ್ಲ, ನಂತರ ಬಂದ ಧರ್ಮ. ಋಗ್ವೇದದಲ್ಲಿ ವರುಣನಿಗೆ ಗೌರವದಿಂದ ಹೇಳಿದ ‘ಅಸುರ’ ಎಂಬ ಪದ ಆಮೇಲೆ ಏನಾಯಿತೆಂದು ನಿಮಗೆ ಗೊತ್ತಿದೆ. ಕನ್ನಡದಲ್ಲಿಯಂತೂ ಬದಲಿಸಿ ಹೇಳುವುದೇ ನಮ್ಮ ಕಾವ್ಯದ ಆರಂಭ. ಹತ್ತನೇ ಶತಮಾನದಲ್ಲಿ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದಾಗಿಸಿ ಭಾರತ ಹೇಳಿದ. ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ತಾಳಮದ್ದಳೆಯಲ್ಲಿ ಅರ್ಥಧಾರಿಯೊಬ್ಬರು ಕೌರವನ ಪಕ್ಷ ಹಿಡಿದು ಕೃಷ್ಣನನ್ನೇ ತಬ್ಬಿಬ್ಬುಗೊಳಿಸಿದರೆ ಸಭೆ ತಲೆದೂಗುತ್ತದೆ.

ಹಾಗಾದರೆ ಪಂಪ ಮಾಡಬಹುದಾದದ್ದನ್ನು ಗೇಮ್ ಕಂಪನಿ ಏಕೆ ಮಾಡಬಾರದು? ಇದನ್ನು ವಿದ್ಯಾರ್ಥಿಗಳು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ. ಪಂಪನ ಮುಂದೆ ಕುಳಿತವರಿಗೆ ವ್ಯಾಸರ ಕಥೆ ಗೊತ್ತಿತ್ತು. ದ್ರೌಪದಿಗೆ ಒಬ್ಬನೇ ಗಂಡ ಎಂದಾಗ ಅವರಿಗೆ ಬದಲಾವಣೆ ಕಾಣಿಸುತ್ತಿತ್ತು. ಏಕೆ ಬದಲಿಸಿದ ಎಂದು ಅವರು ಕೇಳಬಹುದಿತ್ತು, ಒಪ್ಪಬಹುದಿತ್ತು, ಜಗಳವಾಡಬಹುದಿತ್ತು. ಬದಲಿಸಿದವನಿಗೂ ತಾನು ಏನನ್ನು ಬದಲಿಸುತ್ತಿದ್ದೇನೆ ಎಂಬುದರ ಪೂರ್ಣ ಅರಿವಿತ್ತು. ಹೆಸರನ್ನಷ್ಟೇ ಎರವಲು ತಂದ ಆಟದಲ್ಲಿ ಈ ಎರಡೂ ಇರುವುದಿಲ್ಲ: ತಂದವರಿಗೆ ಕಥೆ ಬೇಕಾಗಿಲ್ಲ, ಆಡುವವರಿಗೆ ಕಥೆ ಗೊತ್ತಿಲ್ಲ. ಇದಕ್ಕೆ ಪ್ರತಿಯಾಗಿ, ‘ಗಾಡ್ ಆಫ್ ವಾರ್’ ಸರಣಿಯ 2018 ಮತ್ತು 2022ರ ಆಟಗಳನ್ನು ನೋಡಿ. ಅಲ್ಲಿ ಉತ್ತರ ಯುರೋಪಿನ ಸಿಡಿಲಿನ ದೇವರು ಥಾರ್ ಮನುಕುಲವನ್ನು ಕಾಯುವ ವೀರನಲ್ಲ, ದೈತ್ಯರ ಕುಲವನ್ನೇ ಅಳಿಸಿದ ಕುಡುಕ. ಹಳೆಯ ಕಥೆಯನ್ನು ಸೋತವರ ಕಡೆಯಿಂದ ಹೇಳಿದ್ದಾರೆ. ಬದಲಾವಣೆ ದೊಡ್ಡದು, ಆದರೆ ಹಳೆಯ ಕಥೆಯನ್ನು ಚೆನ್ನಾಗಿ ಓದಿಕೊಂಡೇ ಮಾಡಿದ್ದು. ಆ ದೇವತೆಗಳಿಗೆ ಈಗ ಯಾರೂ ಭಕ್ತರಿಲ್ಲ ಎಂದುಕೊಳ್ಳುವುದೂ ಸರಿಯಲ್ಲ. ಐಸ್‌ಲ್ಯಾಂಡಿನಲ್ಲಿ ಅವರನ್ನು ಪೂಜಿಸುವ ಪಂಥ 1973ರಿಂದ ಸರ್ಕಾರದ ಮಾನ್ಯತೆ ಪಡೆದ ಧರ್ಮ.

‘ಅದು ಬರೀ ಕಥೆ’ ಎಂಬುದು ಎರಡನೆಯ ತಪ್ಪು. ಪೂಜೆಯಲ್ಲಿರುವ ಮೂರ್ತಿ ಕಥೆಯ ಪಾತ್ರವಷ್ಟೇ ಅಲ್ಲ. ಅದರ ಜೊತೆ ಜನರಿಗೆ ದಿನದಿನದ ಸಂಬಂಧವಿದೆ. 2012ರಲ್ಲಿ ‘ಸ್ಮೈಟ್’ ಎಂಬ ಅಮೆರಿಕದ ಆಟದಲ್ಲಿ ಕಾಳಿಯನ್ನು ಅರೆನಗ್ನಳಾಗಿ ಚಿತ್ರಿಸಿದ ರೀತಿಗೆ ಅಲ್ಲಿನ ಹಿಂದೂಗಳಿಂದ ಆಕ್ಷೇಪ ಬಂತು. ಕಂಪನಿ ಪಾತ್ರವನ್ನು ಕೈಬಿಡಲಿಲ್ಲ. ಕಾಳಿಯ ನಗ್ನತೆ ನಮಗೆ ಹೊಸದಲ್ಲ, ಅವಳು ದಿಗಂಬರೆಯೇ. ಆದರೆ ಆ ನಗ್ನತೆ ಕಾಲದ ನಗ್ನತೆ, ನೋಡುವವನ ಅಹಂಕಾರವನ್ನು ಸುಡುವಂಥದ್ದು. ಅದನ್ನು ನೋಡುವವನ ಕಣ್ಣಿಗೆ ಸುಖವಾಗುವಂತೆ ತಿರುಗಿಸಿದಾಗ ಬಟ್ಟೆಯ ಅಳತೆ ಬದಲಾಗದೆಯೂ ಅರ್ಥ ತಲೆಕೆಳಗಾಗುತ್ತದೆ. ಭಕ್ತರ ನೋವನ್ನು ಕಂಪನಿಗಳಿಗೆ ವಿವರಿಸುವಾಗ ನಾನು ಇದನ್ನೇ ಹೇಳುತ್ತೇನೆ.

ಇದಕ್ಕಿಂತ ಆಳವಾದ ಇನ್ನೊಂದು ಆಕ್ಷೇಪವಿದೆ. ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರಕ್ಕೆ ಬಂದ ಹನುಮಂತನ ಗೇಮಿಗೂ ವಿರೋಧ ಬಂದಿತ್ತು. ದೇವರನ್ನು ಆಟಗಾರನ ಬೆರಳ ತುದಿಯ ಗುಂಡಿಗಳಿಗೆ ಒಪ್ಪಿಸುವುದೇ ಸರಿಯಲ್ಲ ಎಂಬುದು ವಾದ. ಮೊದಲ ಬಾರಿಗೆ ಕೇಳಿದಾಗ ಇದು ಅತಿಯೆನಿಸಬಹುದು. ಆದರೆ ನಮ್ಮಲ್ಲಿ ಮನುಷ್ಯ ದೇವರ ವೇಷ ಹಾಕುವುದಕ್ಕೆ ಕ್ರಮವಿದೆ. ಯಕ್ಷಗಾನ ಮೇಳದ ಚೌಕಿಯಲ್ಲಿ ಗಣಪತಿ ಪೂಜೆಯಾಗುತ್ತದೆ. ಕೋಲ ಕಟ್ಟುವವರಿಗೆ ವ್ರತವಿದೆ, ನಿಯಮವಿದೆ. ದೇವರು ಮನುಷ್ಯನ ಮೈಮೇಲೆ ಬರುತ್ತಾನೆ, ಮನುಷ್ಯ ದೇವರ ಮೈಮೇಲೆ ಹೋಗುವುದಿಲ್ಲ. ಗೇಮಿನಲ್ಲಿ ಈ ದಿಕ್ಕು ತಿರುಗುತ್ತದೆ, ಮತ್ತು ನಿಮ್ಮ ಅತ್ತೆಯವರು ‘ಕರೆದರೆ ಬರುತ್ತಾಳೆ’ ಎಂಬ ಮಾತಿಗೇ ನೊಂದಿರಲಿಕ್ಕೆ ಸಾಕು. ಪುಣೆಯ ತಂಡವೊಂದು 2020ರಲ್ಲಿ ತಂದ ‘ರಾಜಿ’ ಈ ತೊಡಕನ್ನು ಜಾಣತನದಿಂದ ಬಿಡಿಸಿದೆ. ಅಲ್ಲಿ ಆಟಗಾರನ ಕೈಯಲ್ಲಿರುವುದು ತಮ್ಮನನ್ನು ಹುಡುಕಿ ಹೊರಟ ಒಬ್ಬ ಸಾಮಾನ್ಯ ಹುಡುಗಿ. ದುರ್ಗೆ ಮತ್ತು ವಿಷ್ಣು ಮೇಲಿನಿಂದ ಅವಳ ಕಥೆಯನ್ನು ಮಾತಾಡಿಕೊಳ್ಳುತ್ತಾರೆ. ಚೀನಾದ 2024ರ ‘ಬ್ಲ್ಯಾಕ್ ಮಿಥ್: ವುಕಾಂಗ್’ನಲ್ಲಿಯೂ, ಆರಂಭದ ಚಿಕ್ಕ ಭಾಗ ಬಿಟ್ಟರೆ, ಆಡುವುದು ವಾನರವೀರ ವುಕಾಂಗ್‌ನನ್ನಲ್ಲ, ಅವನ ಹೆಜ್ಜೆ ಹಿಡಿದು ಹೊರಟ ಇನ್ನೊಬ್ಬ ವಾನರನನ್ನು. ಆದರೆ ಇದು ಎಲ್ಲರಿಗೂ ಒಪ್ಪುವ ನಿಯಮವೇನಲ್ಲ. 2006ರ ‘ಓಕಾಮಿ’ಯಲ್ಲಿ ಜಪಾನೀಯರು ತಮ್ಮ ಸೂರ್ಯದೇವಿ ಅಮತೆರಾಸುವನ್ನು ಬಿಳಿ ತೋಳವಾಗಿಸಿ, ಅವಳನ್ನೇ ಆಟಗಾರನ ಕೈಗೆ ಕೊಟ್ಟರು, ಅವರ ಭಾಷೆಯಲ್ಲಿ ‘ಓಕಾಮಿ’ ಎಂದರೆ ತೋಳವೂ ಹೌದು, ಮಹಾದೇವತೆಯೂ ಹೌದು. ಆ ತೋಳ ಓಡಿದಲ್ಲೆಲ್ಲ ಹೂವು ಅರಳುತ್ತದೆ, ಒಣಗಿದ ಮರ ಚಿಗುರುತ್ತದೆ. ನಾನು ನೋಡಿದ ಗೇಮುಗಳಲ್ಲಿ ಭಕ್ತಿಗೆ ಅತಿ ಹತ್ತಿರವಾದದ್ದು ಅದು.

ಮಗನ ತಲೆಯಲ್ಲಿ ಏನು ಉಳಿಯುತ್ತದೆ ಎಂಬ ನಿಮ್ಮ ಭಯದ ಬಗ್ಗೆ ನನ್ನ ಅನುಭವ ಇಷ್ಟು. ಹದಿನಾಲ್ಕು ವರ್ಷದ ಹುಡುಗ ಗೇಮಿನ ಶಿವನೂ ಮನೆಯ ಶಿವನೂ ಒಂದೇ ಎಂದು ನಂಬುವುದಿಲ್ಲ. ಒಂದೇ ಎಂದು ನಂಬಿದ್ದರೆ ಅವನಿಗೆ ಅಜ್ಜಿಗೆ ಹೇಳಲು ಏನೂ ಇರುತ್ತಿರಲಿಲ್ಲ. ಎರಡರ ನಡುವಿನ ವ್ಯತ್ಯಾಸ ಅವನಿಗೆ ಹೊಳೆದದ್ದರಿಂದಲೇ ಅವನು ಎದ್ದು ಹೋಗಿ, ಈ ವಿಷಯ ಗೊತ್ತಿರುವವರ ಪಕ್ಕದಲ್ಲೇ, ಬಿಲ್ವಪತ್ರೆಯ ಬುಟ್ಟಿಯ ಬಳಿಯೇ ಕುಳಿತ. ಅದು ಅವನ ಮಟ್ಟಿಗೆ ಒಂದು ಪ್ರಶ್ನೆ. ನಿಮಗೆ ಅದು ಅವಮಾನದಂತೆ ಕೇಳಿಸಿತು. ಅಪಾಯ ಇಲ್ಲವೆಂದಲ್ಲ. ಮನೆಯಲ್ಲಿ ಕಥೆ ಕೇಳಿರದ ಮಗುವಿಗೆ ಗೇಮಿನ ಚಿತ್ರವೇ ಮೊದಲ ಚಿತ್ರವಾಗುತ್ತದೆ, ಮತ್ತು ಮೊದಲ ಚಿತ್ರ ಗಟ್ಟಿಯಾಗಿ ಕೂರುತ್ತದೆ. ಹೊರದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಲ್ಲಿ ಇದನ್ನು ಕಂಡಿದ್ದೇನೆ. ಅಜ್ಜಿ ಒಳಮನೆಯಲ್ಲೇ ಇರುವ ನಿಮ್ಮ ಮಗನ ಸ್ಥಿತಿ ಹಾಗಿಲ್ಲ.

ನಿಮ್ಮ ಮುಂದಿರುವ ದಾರಿಗಳಲ್ಲಿ ಆಟವನ್ನು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತದೆ. ನಿಲ್ಲಿಸಿದರೆ ಅವನು ಸ್ನೇಹಿತನ ಮನೆಯಲ್ಲಿ ಆಡುತ್ತಾನೆ, ಮತ್ತು ಅಲ್ಲಿ ಕಂಡದ್ದನ್ನು ಅಜ್ಜಿಗೆ ಬಂದು ಹೇಳುವುದಿಲ್ಲ; ನಿಮಗೆ ತಿಳಿಯುವ ದಾರಿಯೇ ಮುಚ್ಚುತ್ತದೆ. ಏನೂ ಮಾಡದೆ ಬಿಟ್ಟರೆ, ಆಟದೊಳಗಿನ ವಿವರಣೆಯನ್ನು ಅವನು ಪುರಾಣದ ಮಾಹಿತಿ ಎಂದುಕೊಳ್ಳುವ ಸಾಧ್ಯತೆ ಉಳಿಯುತ್ತದೆ. ಪಕ್ಕದಲ್ಲಿ ಕುಳಿತು ನೋಡುವುದು ನಾನು ಹೆಚ್ಚು ನೆಚ್ಚುವ ದಾರಿ, ಆದರೆ ಅದಕ್ಕೂ ಅಪಾಯವಿದೆ: ಪ್ರತಿ ಪಾತ್ರಕ್ಕೂ ಪಾಠ ಶುರುವಾದರೆ ಅವನು ಎರಡು ದಿನದಲ್ಲಿ ಬಾಗಿಲು ಹಾಕಿಕೊಳ್ಳುತ್ತಾನೆ. ಕೇಳಿ, ಹೇಳಬೇಡಿ. ಈ ಹೆಸರು ಯಾರದು, ಇವರು ಏನನ್ನು ಇಟ್ಟುಕೊಂಡಿದ್ದಾರೆ, ಏನನ್ನು ಬಿಟ್ಟಿದ್ದಾರೆ, ಬಿಡಲು ಕಾರಣವೇನಿರಬಹುದು ಎಂಬಷ್ಟು ಸಾಕು. ಉತ್ತರ ಅವನೇ ಹುಡುಕಲಿ. ಬೇರೆ ಆಟ ಕೊಡಿಸುವುದಾದರೆ ‘ಓಕಾಮಿ’ ಅಥವಾ ‘ರಾಜಿ’ ನೋಡಬಹುದು, ಆದರೆ ಭಾರತೀಯರು ಮಾಡಿದ್ದೆಂಬ ಕಾರಣಕ್ಕೇ ಎಲ್ಲವೂ ಪುರಾಣದಲ್ಲಿದ್ದಂತೆ ಇರುತ್ತದೆ ಎಂದು ಅವನಿಗೆ ಹೇಳಬೇಡಿ. ಕಂಪನಿಗೆ ಬರೆಯುವುದಿದ್ದರೆ ಕೋಪವನ್ನಲ್ಲ, ವಿವರವನ್ನು ಬರೆಯಿರಿ: ಯಾವ ದೃಶ್ಯ, ಯಾವ ಮಾತು, ಭಕ್ತರಿಗೆ ಅದು ಏಕೆ ನೋಯಿಸುತ್ತದೆ, ಬದಲಿಗೆ ಏನಿರಬಹುದು. ತಂಡಗಳ ಒಳಗೆ ಅಂಥ ಪತ್ರಗಳನ್ನು ಓದುವುದನ್ನು ನಾನು ಕಂಡಿದ್ದೇನೆ. ಬೈಗುಳದ ಸಾವಿರ ಪತ್ರಗಳನ್ನು ಯಾರೂ ಓದುವುದಿಲ್ಲ.

ದೇವರ ವಿಷಯಕ್ಕಿಂತ ತುರ್ತಾದ ಒಂದು ಸಂಗತಿಯನ್ನು ನಿಮ್ಮ ಗಮನಕ್ಕೆ ತರಬೇಕು. ‘ಫೈನಲ್ ಫ್ಯಾಂಟಸಿ’ಯ ಹತ್ತನೇ ಆಟ ಹದಿಹರೆಯದವರು ಆಡಬಹುದಾದದ್ದು, 2023ರ ಹದಿನಾರನೇ ಆಟವಾಗಲಿ, ‘ಗಾಡ್ ಆಫ್ ವಾರ್’ ಆಗಲಿ ದೊಡ್ಡವರಿಗಾಗಿ ಮಾಡಿದವು, ಅವುಗಳಲ್ಲಿ ರಕ್ತಪಾತ ತೀವ್ರವಾಗಿದೆ. ಆಟದ ಪುಟದಲ್ಲಿ ವಯಸ್ಸಿನ ಸೂಚನೆ ಇರುತ್ತದೆ. ಈ ವಿಷಯದಲ್ಲಿ ನೀವು ಬೇಡ ಎನ್ನುವುದಕ್ಕೆ ಪುರಾಣದ ಕಾರಣ ಬೇಕಿಲ್ಲ, ಅವನ ವಯಸ್ಸೇ ಸಾಕು.

ಅತ್ತೆಯವರನ್ನು ಆ ಕೋಣೆಗೆ ಮತ್ತೆ ಕರೆದೊಯ್ಯುವ ಕೆಲಸವನ್ನು ನೀವು ಮಾಡಬೇಡಿ, ಮಗನೇ ಮಾಡಲಿ. ಪೂಜೆಯ ಹೊತ್ತು ಬಿಟ್ಟು ಒಂದು ಸಂಜೆ, ಆ ಹಿಮದ ಹೆಣ್ಣನ್ನು ಅವನು ಅಜ್ಜಿಗೆ ತೋರಿಸಲಿ. ಅವಳ ಕೊರಳು ನೀಲಿಯಾಗಿರುವುದು ಏಕೆ ಎಂದು ಅಜ್ಜಿ ಅವನನ್ನು ಕೇಳಲಿ. ಆಟದಲ್ಲಿ ಅವಳ ಮೈಯೆಲ್ಲವೂ ನೀಲಿ, ಕೊರಳಿಗೆಂದು ಬೇರೆ ಕಾರಣವಿಲ್ಲ. ಅವನಿಗೆ ಉತ್ತರ ಸಿಗುವುದಿಲ್ಲ. ಆಗ ಹಾಲಾಹಲದ ಕಥೆಯನ್ನು, ಗಂಟಲಲ್ಲೇ ವಿಷ ನಿಂತದ್ದನ್ನು, ಆ ರಾತ್ರಿ ಎಲ್ಲರೂ ಎಚ್ಚರವಿದ್ದದ್ದನ್ನು ಅವರು ಹೇಳುತ್ತಾರೆ. ಅವನು ಏನು ಕೇಳಿದ, ಅವರು ಏನು ಹೇಳಿದರು ಎಂಬುದನ್ನು ನನಗೂ ಬರೆದು ತಿಳಿಸಿ.